ಕೊಪ್ಪರಿಗೆಯಜ್ಜಿಯ ನಾಲ್ಕು ಡಬ್ಬಿ

ಮಠದ ಅಡುಗೆಮನೆಯಲ್ಲಿ ಹಳೆಯ ಕೊಪ್ಪರಿಗೆಯಜ್ಜಿಯೊಬ್ಬಳಿದ್ದಳು. ಅಕ್ಕಿ, ಬೇಳೆ, ಕಾಯಿಪಲ್ಯ ಎಲ್ಲವನ್ನೂ ಒಂದೇ ಹೊಟ್ಟೆಯಲ್ಲಿ ಬೇಯಿಸಿ ನೂರು ಮಂದಿಗೆ ಉಣಿಸುವ ಪುಣ್ಯ ಅವಳದು. ಒಂದು ಸೋಮವಾರ ಬೇಳೆಗೆ ಉಪ್ಪು ಹೆಚ್ಚಾಗಿ ಅಷ್ಟೂ ಅಡುಗೆ ಕೆಟ್ಟಿತು, ಪಂಕ್ತಿಯೇ ಎದ್ದುಹೋಯಿತು.

"ಇನ್ನೊಮ್ಮೆ ಹೀಗಾದರೆ ನಿನಗೆ ಬಚ್ಚಲೇ ಗತಿ, ಸ್ನಾನದ ನೀರು ಕಾಯಿಸಿಕೊಂಡಿರು," ಎಂದ ಅಡುಗೆಯ ಗುರುಪಾದಯ್ಯ.

ಅಜ್ಜಿ ಹೆದರಿ ಊಟದ ಕ್ಯಾರಿಯರನ್ನು ಕೇಳಿದಳು. "ತಮ್ಮಾ, ನೀನು ಹೇಗೆ ಪಾರಾಗುತ್ತೀಯೆ?"

"ನನ್ನಲ್ಲಿ ಡಬ್ಬಿಗಳು ಬೇರೆ ಬೇರೆ, ಅಜ್ಜಿ. ಒಂದು ಕೆಟ್ಟರೆ ಅದನ್ನಷ್ಟೇ ತೆಗೆದಿಟ್ಟರಾಯಿತು."

ಮರುದಿನ ಅಜ್ಜಿ ಹೊಟ್ಟೆಯೊಳಗೆ ನಾಲ್ಕು ದೊಡ್ಡ ಡಬ್ಬಿ ಕೂರಿಸಿಕೊಂಡಳು. ಅನ್ನ, ಸಾರು, ಹಾಗಲಕಾಯಿ ಪಲ್ಯ, ಪಾಯಸ ಎಲ್ಲವೂ ಹದವಾಗಿ ಬೆಂದವು. ಆಗ ಅವಳು ಹಳೆಯ ಗೆಳೆಯ ಸೌಟನ್ನು ಕರೆದು, "ಎಂದಿನಂತೆ ತಳದಿಂದ ಒಮ್ಮೆ ತಿರುವಿಬಿಡಪ್ಪ," ಎಂದಳು. ಸೌಟು ಭಕ್ತಿಯಿಂದ ತಿರುವಿತು. ಡಬ್ಬಿಗಳು ಮಗುಚಿ, ಪಾಯಸದಲ್ಲಿ ಹಾಗಲಕಾಯಿ ತೇಲಿತು.

"ಇದೇನು ಮಾಡಿದೆ, ಅಜ್ಜಿ?" ಎಂದಿತು ಕ್ಯಾರಿಯರು.

"ನೀನು ಹೇಳಿದ ಡಬ್ಬಿ ಇಟ್ಟುಕೊಂಡೆನಲ್ಲ. ತಿರುವುವುದು ನಮ್ಮ ಪದ್ಧತಿ, ಅದನ್ನು ಹೇಗೆ ಬಿಡಲಿ?"

ಈಗ ಅಜ್ಜಿ ಬಚ್ಚಲಲ್ಲಿ ನೀರು ಕಾಯಿಸುತ್ತಾಳೆ. ಸೌಟು ದಿನವೂ ಬಂದು ತಳದಿಂದ ಒಮ್ಮೆ ತಿರುವಿ ಹೋಗುತ್ತದೆ.