ತೂತು ಬದಲಿಸದ ಬೆಲ್ಟು

ಹಾಲಪ್ಪನವರ ಹೃದಯಕ್ಕೆ ಆಪರೇಷನ್ ಆಗಬೇಕಿತ್ತು. ಸೊಂಟ ಅಳೆಯಲು ಡಾಕ್ಟರು ಟೇಪು ತೆಗೆದ ಕೂಡಲೇ ಹಾಲಪ್ಪನವರ ಬೆಲ್ಟು ಅಡ್ಡ ಬಾಯಿ ಹಾಕಿತು.

"ಅಳೆಯುವ ಅಗತ್ಯವೇ ಇಲ್ಲ. ಇವರ ಮದುವೆಯ ದಿನ ಯಾವ ತೂತಿನಲ್ಲಿದ್ದೆನೋ ಇವತ್ತೂ ಅದೇ ತೂತಿನಲ್ಲಿದ್ದೇನೆ. ನಾನೇ ಸಾಕ್ಷಿ."

"ಸಂತೋಷ," ಎಂದಿತು ಟೇಪು. "ಆದರೆ ಅವತ್ತು ತಾವು ಹೊಕ್ಕುಳ ಹತ್ತಿರ ಇದ್ದಿರಲ್ಲವೇ? ಇಷ್ಟು ಕೆಳಗೆ ಹೇಗೆ ಬಂದಿರಿ?"

"ಹೊಟ್ಟೆಯವರು ದೊಡ್ಡವರಾದರು. ಮರ್ಯಾದೆಯಿಂದ ಕೆಳಗೆ ಸರಿದು ಜಾಗ ಬಿಟ್ಟುಕೊಟ್ಟೆ. ಮೇಲಿನದು ನನ್ನ ಸರಹದ್ದಲ್ಲ."

ಟೇಪು ಹೊಟ್ಟೆಯ ಸುತ್ತ ಹೊರಟಿತು. ಅದರ ಎರಡು ತುದಿಗಳು ಬಹಳ ಪ್ರಯಾಸಪಟ್ಟು ಭೇಟಿಯಾದವು. ಡಾಕ್ಟರ ಮುಖ ಸಣ್ಣದಾಯಿತು.

"ಈ ಹೊಟ್ಟೆ ಇದ್ದರೆ ಆಪರೇಷನ್ ಆದ ಮೇಲೆ ಉಸಿರಾಟ ಕಷ್ಟವಾಗಬಹುದು ಹಾಲಪ್ಪನವರೇ, ಗಾಯ ಮಾಯುವುದೂ ತಡವಾಗಬಹುದು," ಎಂದರು.

"ನಾನಂತೂ ಒಂದು ತೂತೂ ಕದಲಿಲ್ಲಪ್ಪ," ಎಂದು ಬೆಲ್ಟು ಗೊಣಗಿತು.

ಆಗ ಹೊಟ್ಟೆಯ ಮೇಲುಗಡೆಯಿಂದ ಹೃದಯ ಸುಸ್ತಾದ ದನಿಯಲ್ಲಿ ಕೇಳಿತು:

"ಅಣ್ಣಾ, ಹೊಟ್ಟೆ ಬಂತೆಂದು ನೀನು ಕೆಳಗೆ ಜಾರಿದೆ. ನಾನು ಎಲ್ಲಿಗೆ ಜಾರಲಿ?"