ಮಾತು ಹಿಡಿಯುವ ಕಾಡು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಮಾತು ಕೊಟ್ಟವನು ಕಟ್ಟುಬಿದ್ದ ಅನ್ನುತ್ತಾರೆ. ಹಾಗಾದರೆ ಯಾರಿಗೂ ಯಾವ ಮಾತನ್ನೂ ಕೊಡದೆ ಇರುವುದೇ ಬಿಡುಗಡೆಯೇ?"

ಗುರುಗಳು ಹೇಳಿದರು:

ಒಂದು ಊರಿನ ಪಕ್ಕದಲ್ಲಿ ಮಾಯದ ಕಾಡೊಂದಿತ್ತು. ಅದು ಹುಲಿಯನ್ನಾಗಲಿ ರಾಕ್ಷಸನನ್ನಾಗಲಿ ಸಾಕಿರಲಿಲ್ಲ. ಜನ ಮನೆ ಬಿಡುವಾಗ ಆಡಿದ ಮಾತನ್ನು ಕೇಳಿಸಿಕೊಂಡು, ಆಡಿದಂತೆಯೇ ನಡೆಸುತ್ತಿತ್ತು, ಅಷ್ಟೇ. 'ಹೋಗಿ ಬರ್ತೀನಿ' ಎಂದು ಹೊರಟವರನ್ನು ದಾರಿ ತಾನೇ ಮನೆಗೆ ತಲುಪಿಸುತ್ತಿತ್ತು. ಬರೀ 'ಹೋಗ್ತೀನಿ' ಎಂದವರು ಹೋಗುತ್ತಲೇ ಇರುತ್ತಿದ್ದರು. ಹಾಗಾಗಿ ಆ ಊರಿನಲ್ಲಿ ಸೌದೆ ತರಲು ಹೊರಟವರೂ ಹೊಸಿಲ ಮೇಲೆ ನಿಂತು, 'ಬರ್ತೀನಿ' ಎನ್ನುವುದನ್ನು ಎರಡೆರಡು ಸಲ ಹೇಳುತ್ತಿದ್ದರು.

ಆ ಊರಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ಒಂದು ಬೆಳಿಗ್ಗೆ ದೋಸೆಯ ಗರಿಗರಿ ಅಂಚು ಯಾರಿಗೆಂದು ಜಗಳವಾಯಿತು. "ನಾನು ಹೋಗ್ತೀನಿ!" ಎಂದು ಕೂಗಿ ತಮ್ಮ ಕಾಡು ಹೊಕ್ಕ. ಅಕ್ಕ ಆ ಅಂಚನ್ನು ನುಂಗಿ, "ಅಮ್ಮಾ, ಹೋಗಿ ಬರ್ತೀನಿ" ಎಂದು ಅವನ ಬೆನ್ನಿಗೇ ಓಡಿದಳು.

ಹೊತ್ತು ನೆತ್ತಿಗೇರುವ ವೇಳೆಗೆ ಅವನು ಸಿಕ್ಕಿದ. ಸಿಟ್ಟು ಇಳಿದು ಹಸಿವು ಏರಿತ್ತು. ಆದರೆ ಅವನು ಎತ್ತ ಹೆಜ್ಜೆಯಿಟ್ಟರೂ ಹಾದಿ ಮನೆಗೆ ಬೆನ್ನು ತಿರುಗಿಸುತ್ತಿತ್ತು. ಅಕ್ಕ ಕೈ ಹಿಡಿದು ಎಳೆದಳು. ಅವಳ ಕಾಲ ಕೆಳಗಿನ ದಾರಿ ಊರಿನತ್ತ ಸಾಗಿತು, ಅವನದು ಆಚೆ ಸಾಗಿತು. ಕೈ ಜಾರತೊಡಗಿತು.

"ಬರ್ತೀನಿ ಅನ್ನೋ, ಪೆದ್ದ!"

"ಯಾರಿಗೆ ಅನ್ಲಿ? ಹೊರಡೋ ಜಾಗದಲ್ಲಿ ತಾನೆ ಹೇಳೋದು? ಅಮ್ಮ ಇಲ್ಲಿದ್ದಾಳಾ?"

"ಈಗ ಎಲ್ಲಿಂದ ಹೊರಡ್ತಿದ್ದೀಯ? ಕಾಡಿಂದ ತಾನೆ? ಕಾಡಿಗೇ ಹೇಳು!"

ತಮ್ಮ ಮೂಗು ಒರೆಸಿಕೊಂಡ. ನೆಂಟರ ಮನೆಯಿಂದ ಹೊರಟವನ ಹಾಗೆ ಮರಗಳಿಗೆ ಕೈಮುಗಿದು, "ಬರ್ತೀನಿ ಕಾಡಪ್ಪ" ಎಂದ.

ಕಾಡು ಪೇಚಿಗೆ ಸಿಕ್ಕಿತು. ಈವರೆಗೆ ಬಂದವರೆಲ್ಲ ಅದಕ್ಕೆ ಹೇಳದೆ ಹೊರಟವರೇ. ಈಗ ಕೇಳಿದ ಮಾತನ್ನು ನಡೆಸಲೇಬೇಕು. ಹುಡುಗ ಮತ್ತೆ ಕಾಡಿಗೆ ಬರಬೇಕು. ಬರಬೇಕಾದರೆ ಮೊದಲು ಮನೆಗೆ ಹೋಗಬೇಕು. ಕಾಡು ಅದನ್ನೇ ಅತ್ತಿತ್ತ ತೂಗಿ ನೋಡಿತು. ಆಮೇಲೆ ಎಲೆಗಳೆಲ್ಲ ಒಮ್ಮೆಲೇ ಕಿಲಕಿಲ ನಕ್ಕವು, ಎರಡು ದಾರಿ ಒಂದಾಯಿತು. ಅನ್ನ ಆರುವ ಮೊದಲೇ ಮಕ್ಕಳು ಮನೆಯಲ್ಲಿದ್ದರು. ಅಮ್ಮ ಬೈಗುಳವನ್ನೂ ತುಪ್ಪವನ್ನೂ ಧಾರಾಳವಾಗಿ ಬಡಿಸಿದಳು.

ಮಾರನೆಯ ದಿನ ತಮ್ಮ ತನ್ನ ಮಾತಿನಂತೆ ಕಾಡಿಗೆ ಹೋದ. ಅಕ್ಕನೂ ಹೋದಳು. ನೇರಳೆ ತಿಂದು ನಾಲಿಗೆ ಬಣ್ಣ ಮಾಡಿಕೊಂಡರು, ಬಿಳಲು ಹಿಡಿದು ಜೋತಾಡಿದರು, ಸಂಜೆ "ಬರ್ತೀವಿ" ಎಂದು ಹೊರಟರು. ಹಾಗೆಂದ ಮೇಲೆ ಮರುದಿನವೂ ಹೋಗಬೇಕಾಯಿತು. ಅದರ ಮರುದಿನವೂ. ಮೂರು ವರ್ಷದಿಂದ ಹೋಗುತ್ತಲೇ ಇದ್ದ ಬಳೆಗಾರನೊಬ್ಬ ಅವರ ಮಾತು ಕೇಳಿಸಿಕೊಂಡು, ತಾನೂ ಕಾಡಿಗೆ ಕೈಮುಗಿದು ಹಾಗೇ ಹೇಳಿ ಮನೆ ಸೇರಿದ. ಅವನ ಹೆಂಡತಿ ಮೊದಲು ಬೈದಳು, ಆಮೇಲೆ ಗುರುತು ಹಿಡಿದಳು.

ಶಿಷ್ಯ ತಡೆದು ಕೇಳಿದ: "ನಾನು ಹೇಳಿದ್ದೂ ಅದನ್ನೇ ಅಲ್ಲವೇ? ಒಂದು ಮಾತಿಗೆ ಮಕ್ಕಳು ಜೀವಮಾನವಿಡೀ ಕಾಡಿಗೆ ಕಟ್ಟುಬಿದ್ದರು."

ಗುರುಗಳು ನಕ್ಕರು.

"ಬೆಳಗಾಗುವುದನ್ನೇ ಕಾಯುತ್ತಾ ಊರಂಚಿಗೆ ಬಂದು ನಿಲ್ಲುವುದು ಮಕ್ಕಳಲ್ಲ, ಕಾಡು ಕಣಯ್ಯ."