ಕೀಲಿಕೈ ಮಾತ್ರ ನಮ್ಮದೇ

ಹೋಟೆಲಿನ ಮುಂದೆ ನಿಂತಿದ್ದ ಹಳೆಯ ಮೋಟಾರ್ ಸೈಕಲ್ಲಿಗೆ ಅದರ ಚಕ್ರಕ್ಕೆ ಹಾಕಿದ್ದ ಹೊಸ ಚೈನ್ ಬೀಗ ಹೇಳಿತು: "ಇನ್ನು ನಿಶ್ಚಿಂತೆಯಿಂದಿರು. ಕೀಲಿಕೈ ಇದ್ದವನು ಯಜಮಾನ, ಇಲ್ಲದವನು ಕಳ್ಳ. ನನಗೆ ಗೊತ್ತಿರುವುದು ಅಷ್ಟೇ."

ಅಷ್ಟರಲ್ಲಿ ಯಜಮಾನ ಪುಟ್ಟಮಾದಯ್ಯ ಬಂದ. ಜೇಬು ತಡಕಿದರೆ ಕೀ ಗೊಂಚಲೇ ಇಲ್ಲ, ಎಲ್ಲೋ ಬಿದ್ದುಹೋಗಿತ್ತು. ಅವಸರದಲ್ಲಿ ಕಲ್ಲು ತಂದು ಬೀಗಕ್ಕೆ ಕುಟ್ಟತೊಡಗಿದ.

"ಕಳ್ಳ!" ಎಂದು ಬೀಗ ಕಿರುಚಿತು. ಬೀದಿಯವರೂ ಹಾಗೇ ಕೂಗಿ ಅವನನ್ನು ಹಿಡಿದುಕೊಂಡರು.

"ಗಾಡಿ ನಂದೇ ಕಣ್ರಪ್ಪಾ!"

"ಹಾಗಾದ್ರೆ ಕೀ ತೋರಿಸು."

ಮೋಟಾರ್ ಸೈಕಲ್ ಗಲಿಬಿಲಿಗೊಂಡಿತು. "ಬೀಗಣ್ಣಾ, ಭಾನುವಾರ ನನ್ನ ಮೈ ತೊಳೆಯುವವನು ಇವನೇ ಅಲ್ಲವೇ?"

"ತೊಳೆಯಲಿ. ಕೀಲಿಕೈ ಎಲ್ಲಿ?"

ಆಗ, ಬಿದ್ದ ಗೊಂಚಲನ್ನು ಹೆಕ್ಕಿಕೊಂಡಿದ್ದವನೊಬ್ಬ ಬಂದು "ಗಾಡಿ ನಂದು" ಎಂದ. ಬೀಗ ಸಲೀಸಾಗಿ ತೆರೆದುಕೊಂಡಿತು. ಜನ ದಾರಿ ಬಿಟ್ಟರು. ಅವನು ಬೀಗವನ್ನು ಹ್ಯಾಂಡಲ್ಲಿಗೆ ಸುತ್ತಿ ಕಿಕ್ಕರ್ ಒದ್ದ, ಮತ್ತೆ ಮತ್ತೆ ಒದ್ದ. ಗಾಡಿ ಮಿಸುಕಲಿಲ್ಲ. ನೋಡಲಾರದೆ ಪುಟ್ಟಮಾದಯ್ಯ ಹಿಡಿದವರ ಕೈಯಲ್ಲಿದ್ದುಕೊಂಡೇ ಕೂಗಿದ: "ಹಾಗಲ್ಲ ಕಣಯ್ಯಾ! ಚೋಕ್ ಅರ್ಧ ಎಳಿ, ಗಾಡೀನ ಎಡಕ್ಕೆ ವಾಲಿಸಿ ಒದಿ!"

ಒಂದೇ ಒದೆತಕ್ಕೆ ಗಾಡಿ ಹೊರಟಿತು.

"ಎಷ್ಟು ದಿನದಿಂದ ಹೊಂಚು ಹಾಕಿದ್ದನೋ ಕಳ್ಳ!" ಎಂದು ಜನ ಪುಟ್ಟಮಾದಯ್ಯನಿಗೆ ಎರಡೇಟು ಬಿಟ್ಟರು.

ಊರು ದಾಟಿದ ಮೇಲೆ ಮೋಟಾರ್ ಸೈಕಲ್ ಕೇಳಿತು: "ಬೀಗಣ್ಣಾ, ನಮ್ಮ ಮನೆ ಈ ಕಡೆ ಅಲ್ಲವಲ್ಲ?"

"ನನಗೂ ಅದೇ ತಿಳಿಯುತ್ತಿಲ್ಲ," ಎಂದಿತು ಬೀಗ. "ಕೀಲಿಕೈ ಮಾತ್ರ ನಮ್ಮದೇ."